ಬ್ರೇಕಿನ ಕಾಲು

ಹನ್ನೊಂದನೇ ಪ್ರಶ್ನೆಗೆ ಬಂದಾಗ ಡ್ರೈವರನ ಪೆನ್ನು ನಿಂತಿತು. ಅಲ್ಲಿಯವರೆಗೆ ಸರಾಗವಾಗಿಯೇ ತುಂಬಿಕೊಂಡು ಬಂದಿದ್ದ. ವಯಸ್ಸು ಐವತ್ತೆರಡು. ಉದ್ಯೋಗ, ಸಿಟಿ ಬಸ್ ಚಾಲಕ. ಎಷ್ಟು ವರ್ಷದಿಂದ? ಇಪ್ಪತ್ತಾರು. ನೋವು ಎಲ್ಲಿ ಎನ್ನುವ ಕಡೆ ಬೆನ್ನು ತೋರಿಸಿ ನಿಂತ ಮನುಷ್ಯನ ಚಿತ್ರವಿತ್ತು. ಅದರ ಸೊಂಟದ ಸುತ್ತ ಗುಂಡಗೆ ಒಂದು ಗೆರೆ ಎಳೆದಿದ್ದ. ಸಕ್ಕರೆ ಕಾಯಿಲೆ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಇಲ್ಲ. ಸೂಜಿ ಕಂಡರೆ ತಲೆ ಸುತ್ತುವುದಿಲ್ಲ. ಹನ್ನೊಂದನೆಯದು ಹೀಗಿತ್ತು: ಕೈಕಾಲುಗಳಲ್ಲಿ ಜೋಮು, ಮರಗಟ್ಟುವಿಕೆ ಅಥವಾ ಬಲಹೀನತೆ ಇದೆಯೇ?

ಪಕ್ಕದ ಕುರ್ಚಿಯಲ್ಲಿ ಹೆಂಡತಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಅವಳದು. ಬೆಳಗಿನ ಪಾಳಿ ಮುಗಿಸಿ, ಉಟ್ಟ ಬಟ್ಟೆಯಲ್ಲೇ ಅವನ ಜೊತೆ ಬಂದಿದ್ದಳು. ನಿದ್ದೆಯೋ ಆಯಾಸವೋ ಹೇಳುವುದು ಕಷ್ಟ. ಡ್ರೈವರ ಓರೆಗಣ್ಣಲ್ಲಿ ಅವಳನ್ನೊಮ್ಮೆ ನೋಡಿ, 'ಇಲ್ಲ' ಎಂಬ ಚೌಕದೊಳಗೆ ಗುರುತು ಹಾಕಿದ. ಹಾಕಿದ ಮೇಲೆ ಅದು ಅಲುಗಾಡದಂತೆ ಮತ್ತೊಂದು ಸಲ ಒತ್ತಿ ತಿದ್ದಿದ.

ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡೇ ಕೋಣೆಯ ಕ್ಲಿನಿಕ್ಕು ಅದು. ಹೊರಗಿನ ಕೋಣೆಯಲ್ಲಿ ಐದು ಪ್ಲಾಸ್ಟಿಕ್ ಕುರ್ಚಿ, ಒಂದು ನೀರಿನ ಫಿಲ್ಟರು, ಮೂಲೆಯಲ್ಲಿ ಕಂಬಿಗೆ ನೇತುಬಿದ್ದ ಬೆನ್ನುಮೂಳೆಯ ಮಾದರಿ. ಗೋಡೆಯ ಮೇಲೆ ಅಕ್ಯುಪಂಕ್ಚರ್, ಕೈರೋಪ್ರಾಕ್ಟಿಕ್ ಎಂದು ಎರಡು ಸಾಲು; ಮೊದಲನೆಯದು ಸೂಜಿ, ಎರಡನೆಯದು ಕೈಯಿಂದ ಬೆನ್ನುಮೂಳೆ ಒತ್ತುವುದು. ಕೆಳಗೆ ಸಣ್ಣಕ್ಷರದಲ್ಲಿ, 'ಹೊಸ ರೋಗಿಗಳು ಅರ್ಧ ಗಂಟೆ ಮೊದಲು ಬರತಕ್ಕದ್ದು.'

"ಹೊಸಬರಾ?" ಎಂದಳು ಎದುರು ಕುರ್ಚಿಯ ಹೆಂಗಸು. ಕತ್ತಿಗೆ ಪಟ್ಟಿ ಹಾಕಿಕೊಂಡಿದ್ದಳು, ಹಾಗಾಗಿ ಮಾತಾಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ನಿವೃತ್ತ ಟೀಚರು ಎಂದು ಅವಳು ಹೇಳಿಕೊಳ್ಳಬೇಕಾಗಿರಲಿಲ್ಲ. ಪ್ರಶ್ನೆಯ ಧಾಟಿಯೇ ಹೇಳುತ್ತಿತ್ತು.

"ಹೂಂ, ಮೊದಲನೇ ಸಲ."

"ಏನಾದ್ರೂ ತಿಂದು ಬಂದಿದ್ದೀರಾ? ಖಾಲಿ ಹೊಟ್ಟೇಲಿ ಸೂಜಿ ಹಾಕಿಸ್ಕೊಂಡ್ರೆ ಕಣ್ಣು ಕತ್ತಲೆ ಬರುತ್ತೆ. ಹೋದ ತಿಂಗಳು ಆರಡಿ ಎತ್ತರದ ಒಬ್ಬ ಗಂಡಸು ಇಲ್ಲೇ ದೊಪ್ಪನೆ ಬಿದ್ದ."

"ಟೀ, ಬನ್ನು ಆಗಿದೆ."

"ಸಾಕು. ಸೂಜಿ ಅಂದ್ರೆ ಹೆದರ್ಕೋಬೇಡಿ, ಕೂದಲಿಗಿಂತ ಒಂಚೂರು ದಪ್ಪ ಅಷ್ಟೆ. ಬೆನ್ನು ಒತ್ತುವಾಗ ಟಕ್ ಅನ್ನುತ್ತೆ. ಮೂಳೆ ಮುರೀತು ಅಂತ ಕಿರುಚಬೇಡಿ, ಅದು ಕೀಲಿನೊಳಗಿನ ಗಾಳಿ. ನಾಳೆ ಮೈಯೆಲ್ಲ ಹೊಡೆದು ಹಾಕಿದ ಹಾಗಾಗುತ್ತೆ. ನಾಡಿದ್ದು ಸರಿಹೋಗುತ್ತೆ. ಒಂದೇ ಸಲಕ್ಕೆ ವಾಸಿಯಾಗ್ಬೇಕು ಅನ್ನೋರು ಇಲ್ಲಿಗೆ ಬರಬಾರದು, ಜಾದೂಗಾರನ ಹತ್ರ ಹೋಗ್ಬೇಕು." ಅವಳು ಉಸಿರು ತೆಗೆದುಕೊಳ್ಳಲು ನಿಂತಳು. "ಇನ್ನೊಂದು. ಒಳಗಿರೋ ಡಾಕ್ಟರಮ್ಮನ ಹತ್ರ ಏನೂ ಮುಚ್ಚಿಡಬೇಡಿ. ವೈದ್ಯರ ಹತ್ರ, ವಕೀಲರ ಹತ್ರ ಸುಳ್ಳು ಹೇಳಬಾರದು ಅಂತ ಹಿರಿಯರು ಸುಮ್ನೆ ಹೇಳಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಡ್ರೈವರ ತನ್ನ ಕೈಯಲ್ಲಿದ್ದ ಹಾಳೆಯನ್ನು ಮಡಚಿಕೊಂಡ. ಹೆಂಡತಿ ಕಣ್ಣು ಬಿಟ್ಟು, "ಅವರು ಹೇಳೋದು ಕೇಳಿಸ್ಕೊಳ್ಳಿ," ಎಂದು ಮತ್ತೆ ಮುಚ್ಚಿಕೊಂಡಳು.

ಒಳಗಿನ ಕೋಣೆಯಲ್ಲಿ ಎತ್ತರದ ಮಂಚ, ಕಿಟಕಿಗೆ ದಪ್ಪ ಪರದೆ, ಒಂದು ಟ್ರೇ ತುಂಬ ಕಾಗದದ ಲಕೋಟೆಯಲ್ಲಿ ಸುತ್ತಿದ ಸೂಜಿಗಳು. ಡಾಕ್ಟರಮ್ಮ ಸಣ್ಣ ಆಳು. ಬಲಗೈಯ ಮಣಿಕಟ್ಟಿಗೆ ತಾನೇ ಒಂದು ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದಳು. ದಿನಕ್ಕೆ ಹದಿನೈದು ಬೆನ್ನು ಒತ್ತಿದರೆ ಒತ್ತುವವಳ ಕೈಗೂ ನೋವಿರುತ್ತದೆ ಎಂದು ಡ್ರೈವರನಿಗೆ ಆಗ ಹೊಳೆಯಿತು. ಅವಳು ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿದಳು, ಎಲ್ಲೂ ನಿಲ್ಲಲಿಲ್ಲ.

"ಯಾರು ಕಳಿಸಿದ್ರು?"

"ನಮ್ಮ ಡಿಪೋದ ಮೆಕ್ಯಾನಿಕ್ಕು, ಮೇಡಂ. ಅವನ ಸೊಂಟ ನೀವೇ ಸರಿ ಮಾಡಿದ್ರಂತೆ."

"ಸರಿ ಮಾಡ್ಲಿಲ್ಲ, ನೋವು ಕಡಿಮೆ ಮಾಡ್ದೆ. ಆಮೇಲೆ ಅವರು ನಾನು ಹೇಳಿದ ವ್ಯಾಯಾಮ ಬಿಡದೆ ಮಾಡಿದ್ರು. ಬೂಟು, ಸಾಕ್ಸು ತೆಗೆದು ಮಲಕ್ಕೊಳ್ಳಿ. ಅಂಗಾತ."

"ಬೆನ್ನು ನೋವಲ್ವಾ ಮೇಡಂ, ಬೋರಲು ಮಲಗ್ಬೇಕೇನೋ ಅಂದ್ಕೊಂಡೆ."

"ಬೆನ್ನಿನ ಸುದ್ದಿ ಕಾಲು ಹೇಳುತ್ತೆ. ಕಣ್ಣು ಮುಚ್ಚಿ. ಸೂಜಿಯ ಮೊಂಡು ತುದಿ ಮುಟ್ಟಿಸ್ತೀನಿ. ಗೊತ್ತಾದ ತಕ್ಷಣ ಹೂಂ ಅನ್ನಿ."

ಎಡಗಾಲಿನ ಮೇಲೆ ಇರುವೆ ಓಡಿದ ಹಾಗೆ ಮೂರು ಸಲ ಏನೋ ಮುಟ್ಟಿತು. ಮೂರು ಸಲವೂ ಹೂಂ ಅಂದ. ಆಮೇಲೆ ಅವಳ ಹೆಜ್ಜೆ ಮಂಚದ ಆಚೆ ಬದಿಗೆ ಹೋದದ್ದು ಕೇಳಿಸಿತು. ಡ್ರೈವರ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ಎಡಗಾಲಿಗೆ ಎಷ್ಟು ಹೊತ್ತಿಗೊಂದು ಮುಟ್ಟಿಸಿದ್ದಳು? ಎರಡು ಉಸಿರಿಗೊಂದು.

"ಈಗ?"

"ಹೂಂ."

"ಈಗ?"

"ಹೂಂ."

"ಹೆಬ್ಬೆರಳ ಹತ್ರ?"

"ಹೂಂ, ಗೊತ್ತಾಯ್ತು ಮೇಡಂ."

ಕೆಳಗೆ ಬೀಗದ ಅಂಗಡಿಯವನು ಕೀಲಿ ಉಜ್ಜುತ್ತಿದ್ದುದು ಮಾತ್ರ ಕೇಳುತ್ತಿತ್ತು.

"ಕಣ್ಣು ಬಿಡಿ," ಎಂದಳು. ಅವಳ ಎರಡು ಕೈಗಳೂ ಕೋಟಿನ ಜೇಬಿನಲ್ಲಿದ್ದವು. "ನಾನಿನ್ನೂ ಮುಟ್ಟೇ ಇಲ್ಲ."

ಡ್ರೈವರ ಸೂರು ನೋಡಿದ. ಅವಳು ಸಿಟ್ಟು ಮಾಡಿಕೊಂಡಿದ್ದರೆ ಅವನು ಏನಾದರೂ ಹೇಳಬಹುದಿತ್ತು. ಅವಳು ಸಿಟ್ಟಾಗಿರಲಿಲ್ಲ. ಇಂಥದ್ದನ್ನು ಬಹಳ ನೋಡಿ ದಣಿದವಳ ಹಾಗೆ ಸ್ಟೂಲು ಎಳೆದು ಕೂತಳು. ಈ ಸಲ ಅವನು ನೋಡುತ್ತಿರುವಂತೆಯೇ ಬಲಗಾಲಿನ ಮೇಲ್ಭಾಗದ ಉದ್ದಕ್ಕೂ ತುದಿಯನ್ನು ಎಳೆದಳು. ಬಿಳಿ ಗೀರು ಮೂಡಿತು. ಬೇರೆ ಯಾರದೋ ಕಾಲಿಗೆ ಮಾಡುತ್ತಿದ್ದಾಳೆ ಅನ್ನುವ ಹಾಗೆ ಅವನು ನೋಡುತ್ತಿದ್ದ.

"ಇಳಿದು ಹಿಮ್ಮಡಿ ಮೇಲೆ ನಿಂತ್ಕೊಳ್ಳಿ. ಬೆರಳೆಲ್ಲ ಮೇಲೆ ಬರ್ಬೇಕು."

ಎಡಗಾಲಿನ ಬೆರಳುಗಳು ಎದ್ದವು. ಬಲಗಾಲಿನವು ನೆಲಕ್ಕೆ ಅಂಟಿಕೊಂಡೇ ಇದ್ದವು. ಅವನು ಹಲ್ಲು ಕಚ್ಚಿ, ಮಂಚ ಹಿಡಿದು, ಕತ್ತಿನ ನರ ಉಬ್ಬುವಷ್ಟು ಪ್ರಯತ್ನಪಟ್ಟ. ಪಾದ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು.

"ಸಾಕು, ಕೂತ್ಕೊಳ್ಳಿ. ಮೂತ್ರ ಕಟ್ಟೋದು, ಗೊತ್ತಿಲ್ದೆ ಹೋಗೋದು ಏನಾದ್ರೂ ಇದೆಯಾ? ತೊಡೆ ಸಂದಿ ಮರಗಟ್ಟಿದೆಯಾ? ಈಗಲಾದ್ರೂ ನಿಜ ಹೇಳಿ."

"ಅದೆಲ್ಲ ಇಲ್ಲ. ನಿಜವಾಗ್ಲೂ ಇಲ್ಲ."

"ಕಾಲು ಯಾವಾಗಿಂದ ಹೀಗೆ?"

"ಜೋಮು ಮೂರು ತಿಂಗಳಾಯ್ತು. ಎತ್ತೋಕಾಗದೆ ಇರೋದು... ಮೂರ್ನಾಲ್ಕು ವಾರ."

"ಬಸ್ಸಲ್ಲಿ ಬ್ರೇಕು ಯಾವ ಕಾಲಲ್ಲಿ?"

ಅವನು ತನ್ನ ಬಲಗಾಲನ್ನೇ ನೋಡಿದ. ಅವಳಿಗೂ ಗೊತ್ತಿರುವ ಸಂಗತಿಯೇ.

ಒಂಬತ್ತು ದಿನದ ಹಿಂದೆ ಮಾರುಕಟ್ಟೆಯ ತಿರುವಿನಲ್ಲಿ ಸಿಗ್ನಲ್ಲು ಕೆಂಪಾಗಿತ್ತು. ಇಪ್ಪತ್ತಾರು ವರ್ಷ ಮಾಡಿದ ಹಾಗೆಯೇ ಡ್ರೈವರ ಬಲಗಾಲನ್ನು ಆಕ್ಸಿಲರೇಟರಿನಿಂದ ಎತ್ತಿ ಬ್ರೇಕಿಗೆ ತಂದ. ತಂದಿದ್ದೇನೆ ಎಂದುಕೊಂಡ. ಪಾದ ಎದ್ದಿರಲಿಲ್ಲ, ಬೂಟಿನ ಮೂತಿ ಬ್ರೇಕಿನ ಅಂಚಿಗೆ ತಗುಲಿ ಅದರ ಕೆಳಗೆ ಸಿಕ್ಕಿಕೊಂಡಿತ್ತು. ಕೈಯಿಂದ ಪ್ಯಾಂಟು ಹಿಡಿದೆಳೆದು ಕಾಲನ್ನು ಮೇಲಿಟ್ಟು ಒತ್ತುವಷ್ಟರಲ್ಲಿ ಬಸ್ಸು ಗೆರೆ ದಾಟಿ ಜನ ದಾಟುವ ಪಟ್ಟೆಯ ಮೇಲೆ ನಿಂತಿತ್ತು. ಬಸ್ಸಿನ ಮೂಗಿನ ಮುಂದೆ ಒಂದು ಮಾರು ದೂರದಲ್ಲಿ ತಳ್ಳುಗಾಡಿಯೊಳಗೆ ಮಗುವನ್ನು ಕೂರಿಸಿಕೊಂಡ ತಾಯಿಯೊಬ್ಬಳು ಕಲ್ಲಿನ ಹಾಗೆ ನಿಂತಿದ್ದಳು. ಒಳಗೆ ನಿಂತಿದ್ದ ಒಬ್ಬ ಮುದುಕ ಕಂಬಿಗೆ ಹಣೆ ಬಡಿಸಿಕೊಂಡಿದ್ದ. ಕರವಸ್ತ್ರ ಒತ್ತಿಕೊಂಡು, "ಪರವಾಗಿಲ್ಲಪ್ಪ, ಏನೂ ಆಗಿಲ್ಲ," ಎಂದು ಅವನೇ ಡ್ರೈವರನಿಗೆ ಸಮಾಧಾನ ಹೇಳಿ ಮುಂದಿನ ಸ್ಟಾಪಿನಲ್ಲಿ ಇಳಿದುಹೋಗಿದ್ದ.

ಆ ಸಂಜೆ ಡಿಪೋದ ಪುಸ್ತಕದಲ್ಲಿ ಡ್ರೈವರ ಬರೆದದ್ದು ಒಂದೇ ಸಾಲು. ಬ್ರೇಕ್ ತಡವಾಗಿ ಹಿಡಿಯುತ್ತದೆ.

ಮೆಕ್ಯಾನಿಕ್ಕು ಬ್ರೇಕನ್ನು ಬಿಚ್ಚಿ ನೋಡಿದ, ಜೋಡಿಸಿದ. ಮತ್ತೆ ಬಿಚ್ಚಿದ. ದೋಷ ಸಿಗಲಿಲ್ಲ. ಎಲ್ಲ ಸರಿಯಿದೆ ಎಂದು ಬರೆದಿದ್ದಕ್ಕೆ, ಮುದುಕನ ಹಣೆಯ ಸುದ್ದಿ ಕಂಡಕ್ಟರನಿಂದ ಕೇಳಿದ್ದ ಮ್ಯಾನೇಜರು ಮೆಮೊ ಕೊಟ್ಟರು: ಪ್ರಯಾಣಿಕರಿಗೆ ಗಾಯವಾದ ಮೇಲೂ ನಿರ್ಲಕ್ಷ್ಯ, ಇನ್ನೊಂದು ದೂರು ಬಂದರೆ ಟೈರ್ ಸೆಕ್ಷನ್ನಿಗೆ ವರ್ಗ. ಆ ಮೆಮೊ ಜೇಬಿನಲ್ಲಿಟ್ಟುಕೊಂಡೇ ಮೆಕ್ಯಾನಿಕ್ಕು ಟೀ ಅಂಗಡಿಯಲ್ಲಿ ಡ್ರೈವರ ಸೊಂಟ ಹಿಡಿದು ಏಳುವುದನ್ನು ನೋಡಿದ್ದ. ರಿಪೇರಿ ಕೆಲಸ ಬರೆಯುವ ಹಳೇ ಜಾಬ್ ಕಾರ್ಡಿನ ಹಿಂದೆ ಈ ಕ್ಲಿನಿಕ್ಕಿನ ವಿಳಾಸ ಬರೆದುಕೊಟ್ಟಿದ್ದ. "ಹೋಗಣ್ಣ, ತಡ ಮಾಡ್ಬೇಡ," ಎಂದಿದ್ದ.

"ಒಂದು ಸಲ ಟಕ್ ಅನ್ನಿಸಿ ನೋಡಿ ಮೇಡಂ," ಎಂದ ಡ್ರೈವರ. ಅವನ ದನಿ ಅವನಿಗೇ ಭಿಕ್ಷೆ ಬೇಡುವವನ ದನಿಯ ಹಾಗೆ ಕೇಳಿಸಿತು. "ಸಿಕ್ಕಿಕೊಂಡಿರೋದು ಬಿಟ್ಕೊಂಡ್ರೆ ಸರಿಹೋಗುತ್ತೇನೋ. ಎಷ್ಟು ನೋವಾದ್ರೂ ತಡ್ಕೋತೀನಿ."

"ನಿಮ್ಮ ತಡೆಯೋ ಶಕ್ತಿಯಿಂದಾನೇ ಇಲ್ಲಿಗೆ ಬಂದು ನಿಂತಿದೆ ಇದು." ಅವಳು ಕಾಗದ ತೆಗೆದುಕೊಂಡು ಬರೆಯತೊಡಗಿದಳು. "ಬೆನ್ನಲ್ಲಿ ಡಿಸ್ಕು ಜಾರಿ ಕಾಲಿನ ನರ ಒತ್ತುತ್ತಿರಬೇಕು. ಸ್ಕ್ಯಾನ್ ಆಗದೆ ನಾನು ತಿರುಚಿದ್ರೆ ಇರೋದೂ ಹೋಗಬಹುದು. ಸೂಜಿ ಹಾಕಿದ್ರೆ ನೋವು ಕಮ್ಮಿಯಾಗುತ್ತೆ, ನೀವು ವಾಸಿಯಾಯ್ತು ಅಂದ್ಕೊಂಡು ಮತ್ತೆ ಸ್ಟಿಯರಿಂಗ್ ಹಿಡೀತೀರಿ. ನನ್ನ ಕೈಲಾಗೋದು ಇದೆ, ಆಗದೆ ಇರೋದೂ ಇದೆ. ಇದು ಎರಡನೇದು. ದೊಡ್ಡಾಸ್ಪತ್ರೆಗೆ ಹೋಗಿ. ನಾಳೆ ಅಲ್ಲ, ಇವತ್ತೇ."

"ಎರಡು ಗಂಟೆಗೆ ನನ್ನ ಡ್ಯೂಟಿ ಇದೆ."

ಅವಳು ಬರೆಯುವುದನ್ನು ನಿಲ್ಲಿಸಿದಳು. "ಬಸ್ಸಲ್ಲಿ ಎಷ್ಟು ಜನ ಹಿಡೀತಾರೆ?"

"ಸೀಟು ನಲವತ್ತು. ಸಂಜೆ ಹೊತ್ತು ನಿಂತೋರೂ ಸೇರಿದ್ರೆ ಎಂಬತ್ತು."

ಅವಳು ಬರೆದು ಮುಗಿಸಿದಳು. ಕಾಗದವನ್ನು ಮಡಚಿ ಲಕೋಟೆಗೆ ಹಾಕಿ ಅವನ ಅಂಗಿಯ ಜೇಬಿಗೆ ತಾನೇ ಇಟ್ಟಳು.

ಬೂಟು ಹಾಕಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದಾಗ ಟೀಚರು, "ಇಷ್ಟು ಬೇಗ ಮುಗೀತಾ?" ಎಂದು ಮೈ ತಿರುಗಿಸಿದಳು. ಅವನ ಮುಖ ನೋಡಿದವಳು ಹೆಂಡತಿಯನ್ನು ಕರೆದು ಎಬ್ಬಿಸಿದಳು.

ಮೆಟ್ಟಿಲು ಕಡಿದಾಗಿತ್ತು. ಹೆಂಡತಿ ಮುಂದೆ, ಅವನು ಕಂಬಿ ಹಿಡಿದು ಹಿಂದೆ. ಅರ್ಧ ಇಳಿದ ಮೇಲೆ ಅವನು ನಿಂತ. "ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಸುಮ್ನೆ ಒಂದು ಸ್ಕ್ಯಾನು."

"ಕಾಲಿಗಾ?" ಎಂದಳು ಅವಳು, ತಿರುಗದೆ.

"ನಿಂಗ್ಯಾರು ಹೇಳಿದ್ರು?"

"ನಿಮ್ಮ ಬೂಟಿಗೆ ಪಾಲಿಶ್ ಹಾಕೋಳು ನಾನಲ್ವಾ? ಬಲಗಡೆ ಬೂಟಿನ ಮೂತಿ ಸವೆದು ಒಳಗಿನ ಬಟ್ಟೆ ಕಾಣ್ತಿದೆ. ಎಡಗಡೇದು ಹೊಸದರ ಹಾಗಿದೆ. ಮನೇಲಿ ನಡೆದ್ರೆ ಒಂದು ಚಪ್ಪಲಿ ಮಾತ್ರ ಪಟ್ ಪಟ್ ಅನ್ನುತ್ತೆ. ಕಿವುಡೀನಾ ನಾನು?"

"ಮತ್ಯಾಕೆ ಕೇಳ್ಲಿಲ್ಲ?"

ಅವಳು ಈಗ ತಿರುಗಿದಳು. ಕೂದಲಿನ ಅಂಚಿನಲ್ಲಿ ಕಾರ್ಖಾನೆಯ ಹಿಟ್ಟಿನ ಧೂಳು ಹಾಗೇ ಇತ್ತು. "ಕೇಳಿದ್ರೆ ಏನಿಲ್ಲ ಅಂತಿದ್ರಿ. ಆಮೇಲೆ ಆ ಸುಳ್ಳನ್ನ ನಾನೂ ಹೊತ್ಕೊಂಡು ತಿರುಗಬೇಕಿತ್ತು. ಇನ್ನೂ ಒಂದು ಮಾತು ಹೇಳ್ಲಾ? ನನಗೂ ಕೇಳೋಕೆ ಭಯ ಇತ್ತು. ಇನ್ನು ಆರು ವರ್ಷ ಸರ್ವೀಸಿದೆ, ಹೇಗೋ ದೂಡಿಬಿಡ್ತಾರೆ ಅಂದ್ಕೊಂಡೆ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ ಇಬ್ರೂ ಇದ್ವಿ."

ಕೀಲಿ ಮಾಡಿಸಲು ಬಂದವರೊಬ್ಬರು ಕೆಳಗಿನಿಂದ ತಲೆಯೆತ್ತಿ ನೋಡಿದರು. ಇಬ್ಬರೂ ಉಳಿದ ಮೆಟ್ಟಿಲು ಇಳಿದರು. ರಸ್ತೆಗೆ ಇಳಿದ ಮೇಲೆ ಅವನು, "ಮೊದಲು ಡಿಪೋಗೆ ಹೋಗೋಣ," ಎಂದ.

"ಡ್ಯೂಟಿಗಾ?"

"ಅಲ್ಲ. ಒಬ್ಬನ ಹತ್ರ ಒಂದು ಮಾತು ಹೇಳೋದಿದೆ. ಆಸ್ಪತ್ರೆ ದಾರೀಲೇ ಇದೆಯಲ್ಲ." ನಡೆಯುತ್ತ ಅವಳಿಗೆ ಎಲ್ಲ ಹೇಳಿದ: ತಿರುವು, ತಳ್ಳುಗಾಡಿ, ಮುದುಕನ ಹಣೆ, ಪುಸ್ತಕದಲ್ಲಿ ಬರೆದ ಸಾಲು. ತಳ್ಳುಗಾಡಿಯ ಮಾತು ಬಂದಾಗ ಅವಳು ಅವನ ತೋಳು ಬಿಟ್ಟಳು. ಹತ್ತು ಹೆಜ್ಜೆ ಆದ ಮೇಲೆ ಮತ್ತೆ ಹಿಡಿದುಕೊಂಡಳು, ಇಲ್ಲದಿದ್ದರೆ ಅವನು ಎಡವುತ್ತಿದ್ದ.

ವರ್ಕ್‌ಶಾಪಿನ ಗುಂಡಿಯ ಮೇಲೆ ಅವನ ಬಸ್ಸೇ ನಿಂತಿತ್ತು. ಮುಂದಿನ ಬಲಚಕ್ರ ಕಳಚಿ ಗೋಡೆಗೆ ಒರಗಿಸಿದ್ದರು. ಮೆಕ್ಯಾನಿಕ್ಕು ಗುಂಡಿಯೊಳಗೆ ನಿಂತು ತಲೆಯ ಮೇಲೆ ಕೈಯೆತ್ತಿ ಏನೋ ಬಿಗಿಮಾಡುತ್ತಿದ್ದ. ಅವನ ಪಕ್ಕದಲ್ಲಿ ಬಟ್ಟೆ ಹಾಸಿ, ಬ್ರೇಕಿನ ಭಾಗಗಳನ್ನು ಕಳಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದ.

"ಬಂದ್ಯಾ ಅಣ್ಣ? ಹೋಗಿದ್ಯಾ ಅವರ ಹತ್ರ? ಹೇಗಿದೆ ಈಗ?"

"ಮೂರನೇ ಸಲ ಬಿಚ್ಚಿದ್ದೀಯ."

"ಏನು ಮಾಡ್ಲಿ? ನನ್ನ ಕಣ್ಣಿಗೇ ಏನೋ ಆಗಿರಬೇಕು. ಎಲ್ಲ ಸರಿಯಾಗೇ ಕಾಣುತ್ತೆ." ಅವನು ಕೈ ಒರೆಸಿಕೊಂಡ. "ಮೂವತ್ತು ವರ್ಷದಲ್ಲಿ ಮೊದಲನೇ ಸಲ ನನ್ನ ಕೈ ಮೇಲೆ ನಂಗೇ ಅನುಮಾನ ಬಂದುಬಿಟ್ಟಿದೆ."

ಡ್ರೈವರ ಗುಂಡಿಯ ಅಂಚಿನಲ್ಲಿ ಕೂರಲು ನೋಡಿದ; ಸೊಂಟ ಬಿಡಲಿಲ್ಲ. ಹಾಗೇ ನಿಂತು ಹೇಳಿದ. "ಬ್ರೇಕು ಸರಿಯಾಗಿದೆ. ಅವತ್ತೂ ಸರಿಯಾಗೇ ಇತ್ತು. ನನ್ನ ಕಾಲು ಏಳ್ಲಿಲ್ಲ. ಗೊತ್ತಿದ್ದೂ ಪುಸ್ತಕದಲ್ಲಿ ಹಾಗೆ ಬರೆದೆ."

ಮೆಕ್ಯಾನಿಕ್ಕು ಮೇಲೆ ನೋಡಲಿಲ್ಲ. ಸಾಲಿನಲ್ಲಿದ್ದ ಒಂದು ಸ್ಪ್ರಿಂಗನ್ನು ಎತ್ತಿಕೊಂಡ, ಬೆರಳಲ್ಲಿ ತಿರುಗಿಸಿದ, ಮತ್ತೆ ಅದರ ಜಾಗದಲ್ಲಿಟ್ಟ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದ ಕೊನೆಗೆ. ನಗುವೇನೂ ಇರಲಿಲ್ಲ. "ಮೆಮೊ ಬಂದ ದಿನ ನನ್ನ ಜೊತೆ ಕೂತು ಟೀ ಕುಡಿದೆಯಲ್ಲಣ್ಣ. ಆಗ ಹೇಳಬಹುದಿತ್ತು."

"ಹೇಳಬಹುದಿತ್ತು."

"ಸೊಂಟ ನೋವು ಅಂತ ನಾನೇ ವಿಳಾಸ ಬರೆದುಕೊಟ್ಟೆ."

"ಹೂಂ."

"ಹೋಗು, ಮ್ಯಾನೇಜರ ಹತ್ರ ಹೋಗಿ ಬರೆದುಕೊಡು. ನಂಗೆ ಬೇರೇನೂ ಬೇಡ." ಅವನು ಸ್ಪ್ಯಾನರು ಎತ್ತಿಕೊಂಡು ಬೆನ್ನು ತಿರುಗಿಸಿದ. ಡ್ರೈವರ ನಾಲ್ಕು ಹೆಜ್ಜೆ ಹೋದ ಮೇಲೆ ಗುಂಡಿಯೊಳಗಿಂದ ದನಿ ಬಂತು: "ಅಲ್ಲಿ ಎಣ್ಣೆ ಚೆಲ್ಲಿದೆ. ಎಡಗಡೆಯಿಂದ ಹೋಗು."

ಮ್ಯಾನೇಜರು ಅರ್ಜಿಯನ್ನು ಎರಡು ಸಲ ಓದಿದರು. ಬೈಯಲಿಲ್ಲ. ಬೈಯುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ. ಎರಡು ಗಂಟೆಯ ಬಸ್ಸಿಗೆ ಬೇರೆ ಡ್ರೈವರನನ್ನು ಹುಡುಕಬೇಕಿತ್ತು. "ವಿಚಾರಣೆ ಆಗುತ್ತೆ," ಎಂದರು. "ಆಗ್ಲಿ ಸಾರ್," ಎಂದ ಇವನು. ಮೆಮೊ ವಾಪಸು ಪಡೆಯುವ ಕಾಗದಕ್ಕೆ ಅವರು ಸಹಿ ಹಾಕುವವರೆಗೂ ಅಲ್ಲೇ ನಿಂತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕಾಗದ ನೋಡಿದ ಕೂಡಲೆ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದರು. ಬೆಳಗಿನಿಂದ ಎಳೆದುಕೊಂಡು ತಿರುಗಿದ ಕಾಲಿಗೆ ಈಗ ನಡೆಯಬಾರದೆಂದು ಅಪ್ಪಣೆಯಾಯಿತು. ಮುಂದೆ ನಡೆದದ್ದನ್ನು ಹೇಳುವುದಾದರೆ, ಎರಡು ದಿನದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಪಾದ ಅರ್ಧದಷ್ಟು ಮರಳಿತು, ಉಳಿದರ್ಧ ಮರಳಲಿಲ್ಲ. ವಿಚಾರಣೆಯಲ್ಲಿ ಒಂದು ವೇತನ ಬಡ್ತಿ ಕಳೆದುಹೋಯಿತು; ಸ್ಟಿಯರಿಂಗು ಮತ್ತೆ ಕೈಗೆ ಸಿಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬರುವ ಹೋಗುವ ಬಸ್ಸುಗಳ ವೇಳೆ ಬರೆಯುವ ಕೆಲಸಕ್ಕೆ ಹಾಕಿದರು. ಮೆಕ್ಯಾನಿಕ್ಕು ಅವನ ಜೊತೆ ಮಾತು ಬಿಡಲಿಲ್ಲ, ಆದರೆ ಟೀ ಅಂಗಡಿಯಲ್ಲಿ ಅವನ ಪಕ್ಕದ ಜಾಗ ಬಿಟ್ಟು ಕೂರುವುದನ್ನು ಬಹಳ ತಿಂಗಳು ರೂಢಿ ಮಾಡಿಕೊಂಡ.

ಆ ಮಧ್ಯಾಹ್ನ ಇದು ಯಾವುದೂ ಇನ್ನೂ ಗೊತ್ತಿರಲಿಲ್ಲ. ಸ್ಕ್ಯಾನಿನ ಕೋಣೆಯ ಹೊರಗೆ, ಲೋಹದ್ದೇನಿದ್ದರೂ ತೆಗೆಯಿರಿ ಎಂದರು. ಬೆಲ್ಟು, ವಾಚು, ಎದೆಯ ಮೇಲಿನ ನಂಬರ್ ಬಿಲ್ಲೆ ಒಂದೊಂದಾಗಿ ಹೆಂಡತಿಯ ಕೈಗೆ ಬಂದವು. ಯಂತ್ರ ತುಂಬಾ ಸದ್ದು ಮಾಡುತ್ತದೆ, ಇಕ್ಕಟ್ಟಾಗಿರುತ್ತದೆ, ಹೆದರಿಕೆಯಾದರೆ ಈ ಗುಂಡಿ ಒತ್ತಬೇಕು, ಆದರೆ ಅಲುಗಾಡಬಾರದು ಎಂದು ಹುಡುಗಿಯೊಬ್ಬಳು ಬಾಯಿಪಾಠ ಒಪ್ಪಿಸಿದಳು. ಅವನು ತಲೆಯಾಡಿಸಿದ. ಬಾಗಿಲು ಮುಚ್ಚಿತು.

ಇಪ್ಪತ್ತೈದು ನಿಮಿಷದ ಮೇಲೆ ಆ ಹುಡುಗಿ ಬಾಗಿಲು ತೆರೆದು ಹೊರಗಿಣುಕಿದಳು. ಬೆಂಚಿನ ಮೇಲಿದ್ದ ಹೆಂಡತಿ ಎದ್ದು ನಿಂತಳು.

"ಮುಗೀತಮ್ಮ. ಏನೂ ತೊಂದ್ರೆ ಆಗ್ಲಿಲ್ಲ." ಹುಡುಗಿ ದನಿ ತಗ್ಗಿಸಿದಳು. "ಅವರು ನಿದ್ದೆ ಹೋಗಿಬಿಟ್ಟಿದ್ದಾರೆ. ಆ ಸದ್ದಲ್ಲಿ ಯಾರೂ ಮಲಗಿದ್ದು ನಾನು ನೋಡಿಲ್ಲ. ಎಬ್ಬಿಸ್ಲಾ?"

"ಒಳಗೆ ಬೇರೆ ಯಾರಾದ್ರೂ ಹೋಗ್ಬೇಕಾ ಈಗ?"

"ಇನ್ನೂ ಹತ್ತು ನಿಮಿಷ ಇದೆ."

"ಹಾಗಿದ್ರೆ ಮಲಗ್ಲಿ ಬಿಡಮ್ಮ," ಎಂದಳು ಅವಳು. ಬಾಗಿಲ ಸಂದಿಯಿಂದ ಅವನ ಎರಡು ಬರಿಗಾಲುಗಳು ಕಾಣುತ್ತಿದ್ದವು. ಒಂದು ನೆಟ್ಟಗೆ, ಇನ್ನೊಂದು ಮುಂದಕ್ಕೆ ವಾಲಿಕೊಂಡು. ಹುಡುಗಿ ಒಂದು ಹೊದಿಕೆ ತಂದು ಅವೆರಡನ್ನೂ ಮುಚ್ಚಿದಳು.